ಕಾಂತ ಸುಳಿಗಳ ಹರಳು: ಬಿಲ್ಲೆ ಮುಟ್ಟದೆ ಅಲೆಯ ದಾರಿ ಬದಲಿಸುವುದು ಹೇಗೆ?

ಧಾರವಾಡ_ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಭೌತಶಾಸ್ತ್ರ ಎಂ.ಎಸ್ಸಿ., ಎರಡನೇ ವರ್ಷ. ಮುಂದಿನ ಗುರುವಾರ ಸೆಮಿನಾರ್ ಇದೆ. ವಿಷಯ ನಾನೇ ಆರಿಸಿಕೊಂಡದ್ದು, ಕಾಂತ ಸುಳಿಗಳ ಹರಳು. ಪರ್ಮಲಾಯ್ ಎಂಬ ಲೋಹದ ಪುಟ್ಟ ಬಿಲ್ಲೆಗಳನ್ನು ಚುಕ್ಕಿ ರಂಗೋಲಿಯ ಹಾಗೆ ಸಾಲಾಗಿ ಜೋಡಿಸುತ್ತಾರೆ. ಪ್ರತಿ ಬಿಲ್ಲೆಯೊಳಗೂ ಒಂದು ಸುಳಿ. ಒಂದು ಅಂಚಿನ ಸುಳಿಯನ್ನು ಅಲ್ಲಾಡಿಸಿದರೆ ಆ ಅಲ್ಲಾಟ ಪಕ್ಕದ ಬಿಲ್ಲೆಗೆ, ಅಲ್ಲಿಂದ ಅದರ ಪಕ್ಕಕ್ಕೆ ದಾಟಿಕೊಂಡು ಅಲೆಯಾಗಿ ಹೋಗುತ್ತದೆ. ಇಷ್ಟು ಅರ್ಥವಾಗಿದೆ.

ಅರ್ಥವಾಗದ್ದು ಮುಂದಿನದು. ಬಿಲ್ಲೆಗಳ ಜಾಗ, ಅಳತೆ, ಲೋಹ ಯಾವುದನ್ನೂ ಮುಟ್ಟದೆ ಅಲೆಯ ವೇಗವನ್ನೂ ದಾರಿಯನ್ನೂ ಬದಲಿಸಬಹುದಂತೆ. ಸಮೀಕರಣ ಬರೆದುಕೊಂಡರೆ ಉತ್ತರ ಬರುತ್ತದೆ, ಆದರೆ ಕಣ್ಣಿಗೆ ಕಟ್ಟುತ್ತಿಲ್ಲ. ಕಣ್ಣಿಗೆ ಕಟ್ಟದಿದ್ದರೆ ನಾನು ಬೇರೆಯವರಿಗೆ ಹೇಳುವುದಾದರೂ ಹೇಗೆ? ಈ ಕೆಲಸ ಮಾಡಿದವರು ಯಾರಾದರೂ ಇದ್ದೀರಾ?

ನೀಲಿಬೆಳಕು
ಇದ್ದೇನಪ್ಪ. ಜರ್ಮನಿಯಲ್ಲಿ ಪಿಎಚ್.ಡಿ. ಮಾಡುವಾಗ ನಾಲ್ಕು ವರ್ಷ ಇದೇ ಬಿಲ್ಲೆಗಳ ಜೊತೆ ಕಳೆದಿದ್ದೇನೆ. ಇದರ ಬಗ್ಗೆ ಕನ್ನಡದಲ್ಲಿ ಯಾರಾದರೂ ಕೇಳಿದ್ದು ಇದೇ ಮೊದಲು. ತುಂಬಾ ಖುಷಿಯಾಯಿತು. ನಿಧಾನವಾಗಿ ಬರೆಯುತ್ತೇನೆ.

ಮೊದಲು ಒಂದೇ ಬಿಲ್ಲೆ ನೋಡೋಣ. ಪರ್ಮಲಾಯ್ ಅಂದರೆ ಸುಮಾರು 80 ಪಾಲು ನಿಕ್ಕಲ್, 20 ಪಾಲು ಕಬ್ಬಿಣ. ಅದರಲ್ಲಿ 2 ಮೈಕ್ರೋಮೀಟರ್ ಅಗಲ, 60 ನ್ಯಾನೋಮೀಟರ್ ದಪ್ಪದ ಒಂದು ಬಿಲ್ಲೆ ಮಾಡಿದೆವು ಅಂದುಕೊಳ್ಳಿ. ಒಂದು ತಲೆಕೂದಲಿನ ಅಡ್ಡಕ್ಕೆ ಇಂಥವು ಮೂವತ್ತು ನಲವತ್ತು ಕೂರುತ್ತವೆ. ಒಳಗಿರುವ ಪುಟಾಣಿ ಕಾಂತಗಳೆಲ್ಲ ಒಂದೇ ಕಡೆ ಮುಖ ಮಾಡಿದರೆ ಅಂಚಿನಲ್ಲಿ ಉತ್ತರ, ದಕ್ಷಿಣ ಧ್ರುವ ಹುಟ್ಟುತ್ತವೆ. ಅದಕ್ಕೆ ಶಕ್ತಿ ಜಾಸ್ತಿ ಬೇಕು. ಹಾಗಾಗಿ ಅವು ಅಂಚಿನ ಗುಂಟ ದುಂಡಗೆ ತಿರುಗಿ ನಿಲ್ಲುತ್ತವೆ. ಎಡಕ್ಕೂ ಸುತ್ತಬಹುದು, ಬಲಕ್ಕೂ ಸುತ್ತಬಹುದು. ನಟ್ಟನಡುವೆ ಮಾತ್ರ ಪಕ್ಕಪಕ್ಕದವು ಒಂದಕ್ಕೊಂದು ಪೂರ್ತಿ ಎದುರಾಗಬೇಕಾಗುತ್ತದೆ. ಅದು ಅವಕ್ಕೆ ಆಗದ ಮಾತು. ಅದಕ್ಕೇ ನಡುವಿನವು ಬಿಲ್ಲೆಯಿಂದ ಎದ್ದು ನಿಲ್ಲುತ್ತವೆ, ಒಂದೋ ಮೇಲಕ್ಕೆ, ಇಲ್ಲಾ ಕೆಳಕ್ಕೆ. ಈ ಎದ್ದು ನಿಂತ ಭಾಗವೇ ಕೋರ್. ಅದರ ಅಗಲ ಬರೀ ಹತ್ತು ನ್ಯಾನೋಮೀಟರ್ ಆಸುಪಾಸು.

2000ರಲ್ಲಿ ಜಪಾನಿನ ತೆರುಯಾ ಶಿಂಜೋ ಮತ್ತು ಜೊತೆಯವರು ಕಾಂತ ಸೂಜಿಯ ಸೂಕ್ಷ್ಮದರ್ಶಕದಲ್ಲಿ ಇದರ ಚಿತ್ರ ತೆಗೆದು ತೋರಿಸಿದರು. ಬಿಲ್ಲೆಗಳ ನಡುವಿನಲ್ಲಿ ಸಾಸಿವೆ ಕಾಳಿನಂಥ ಚುಕ್ಕೆಗಳು. ಕೆಲವು ಬಿಳಿ, ಕೆಲವು ಕಪ್ಪು. ಒಂದು ಬಣ್ಣ ಮೇಲೆ ನೋಡುವ ಕೋರ್, ಇನ್ನೊಂದು ಕೆಳಗೆ ನೋಡುವ ಕೋರ್. ನಿಮ್ಮ ಸೆಮಿನಾರಿನ ಮೊದಲ ಚಿತ್ರ ಅದೇ ಇರಲಿ.

ಹಾಸನದ_ಮೇಷ್ಟ್ರು
ನಿವೃತ್ತ ಪಿಯು ಉಪನ್ಯಾಸಕ ನಾನು. ತುಂಬಾ ಚೆನ್ನಾಗಿ ಬಿಡಿಸಿ ಹೇಳುತ್ತಿದ್ದೀರಿ ಮೇಡಂ. ಒಂದು ಸಂಶಯ. ಕೋರನ್ನು ಒಂದು ಪಕ್ಕಕ್ಕೆ ಸರಿಸಿ ಬಿಟ್ಟರೆ ಅದು ನೇರ ನಡುವಿಗೆ ವಾಪಸ್ ಬರುವುದಿಲ್ಲ, ಸುತ್ತು ಹಾಕುತ್ತದೆ ಅಂತ ಓದಿದ್ದೆ. ಬುಗುರಿ ಹಾಗೆಯೇ?

ನೀಲಿಬೆಳಕು
ಹೌದು ಸರ್, ಬುಗುರಿಯದೇ ಗುಣ. ತಿರುಗುವ ಬುಗುರಿಯ ತಲೆಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಅದು ಪಕ್ಕಕ್ಕೆ ವಾಲುತ್ತದೆ ಅಲ್ವಾ? ಕೋರ್ ಕೂಡ ಹಾಗೇ. ನಡುವಿಗೆ ಎಳೆಯುವ ಬಲ ಇದೆ, ಆದರೆ ಕೋರ್ ಆ ಎಳೆತಕ್ಕೆ ಅಡ್ಡಲಾಗಿ ಓಡುತ್ತದೆ. ಹಾಗಾಗಿ ನಡುವಿನ ಸುತ್ತ ಸುತ್ತುತ್ತಾ ಸುತ್ತುತ್ತಾ ಒಳಕ್ಕೆ ಬರುತ್ತದೆ. ಇದರ ಲೆಕ್ಕಕ್ಕೆ 1973ರಲ್ಲಿ ಥೀಲೆ ಬರೆದ ಸಮೀಕರಣವನ್ನೇ ಇವತ್ತಿಗೂ ಬಳಸುತ್ತೇವೆ. ಸುತ್ತುವ ಆವರ್ತನ ಕೆಲವು ನೂರು ಮೆಗಾಹರ್ಟ್ಸ್. 250 ಮೆಗಾಹರ್ಟ್ಸ್ ಅಂದರೆ ಒಂದು ಸುತ್ತಿಗೆ 4 ನ್ಯಾನೋಸೆಕೆಂಡ್. ಬಿಲ್ಲೆ ಅಗಲವಾದಷ್ಟೂ ನಿಧಾನ, ದಪ್ಪವಾದಷ್ಟೂ ಚುರುಕು.

ಈಗ ಮುಖ್ಯವಾದ ಮಾತು. ಕೋರ್ ಯಾವ ಕಡೆ ಸುತ್ತುತ್ತದೆ ಅನ್ನುವುದು ಅದು ಮೇಲೆ ನೋಡುತ್ತಿದೆಯೋ ಕೆಳಗೋ ಅನ್ನುವುದರ ಮೇಲೆ ನಿಂತಿದೆ. ಮೇಲಿದ್ದರೆ ಅಪ್ರದಕ್ಷಿಣೆ, ಕೆಳಗಿದ್ದರೆ ಪ್ರದಕ್ಷಿಣೆ. ಬಿಲ್ಲೆಯೊಳಗಿನ ಸುತ್ತು ಎಡವೋ ಬಲವೋ ಅನ್ನುವುದು ಇದನ್ನು ಬದಲಿಸುವುದಿಲ್ಲ. ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಇಲ್ಲೇ ಅಡಗಿದೆ. ಬಿಲ್ಲೆ ಅದೇ, ಜಾಗ ಅದೇ. ಕೋರಿನ ಮುಖ ಮಾತ್ರ ತಿರುಗಿಸಬಹುದು.

ಧಾರವಾಡ_ಹುಡುಗ
ಅಕ್ಕಾ, ಮುಖ ತಿರುಗಿದರೆ ಪ್ರದಕ್ಷಿಣೆ ಅಪ್ರದಕ್ಷಿಣೆ ಆಗುತ್ತದೆ ಅಷ್ಟೇ ಅಲ್ವಾ? ಪಕ್ಕದ ಬಿಲ್ಲೆಗೆ ಅದರಿಂದ ಏನು ವ್ಯತ್ಯಾಸ? ಎರಡೂ ಒಂದಕ್ಕೊಂದು ತಾಗಿಯೂ ಇಲ್ಲ.

ಹಾಸನದ_ಮೇಷ್ಟ್ರು
ಇದಕ್ಕೆ ನಾನು ಪ್ರಯತ್ನಿಸಲೇ? ನಿನ್ನೆ ರಾತ್ರಿ ಕಾಗದ ಹಿಡಿದು ಕೂತು ಲೆಕ್ಕ ಹಾಕಿದೆ. ತಪ್ಪಿದ್ದರೆ ಮೇಡಂ ತಿದ್ದಬೇಕು.

ಸುಳಿ ನಡುವಿನಲ್ಲಿ ಕೂತಿರುವಾಗ ಬಿಲ್ಲೆಯಿಂದ ಹೊರಗೆ ಕಾಂತ ಬಲ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಎಲ್ಲವೂ ಒಳಗೇ ಸುತ್ತಿಕೊಂಡಿದೆ. ಕೋರ್ ಪಕ್ಕಕ್ಕೆ ಸರಿದಾಗ ಒಂದು ಕಡೆಯ ಭಾಗ ದೊಡ್ಡದಾಗಿ ಇನ್ನೊಂದು ಕಡೆಯದು ಚಿಕ್ಕದಾಗುತ್ತದೆ. ಆಗ ಇಡೀ ಬಿಲ್ಲೆ ಒಂದು ಪುಟ್ಟ ದಂಡಕಾಂತದ ಹಾಗೆ ನಡೆದುಕೊಳ್ಳುತ್ತದೆ. ಕೋರ್ ಸುತ್ತುತ್ತಿದ್ದರೆ ಆ ದಂಡಕಾಂತವೂ ಸುತ್ತುತ್ತದೆ. ಅಂದರೆ ನಮ್ಮ ಹರಳು ಅಂದರೆ ಗಿರಗಿರ ತಿರುಗುವ ದಂಡಕಾಂತಗಳ ಸಾಲು.

ಈಗ ಪಿಯುಸಿ ಪಾಠ ನೆನಪು ಮಾಡಿಕೊಳ್ಳಿ. ದಂಡಕಾಂತದ ಅಕ್ಷದ ನೇರಕ್ಕೆ, ದೂರದಲ್ಲಿ ಎಷ್ಟು ಕ್ಷೇತ್ರವಿರುತ್ತದೋ, ಅಷ್ಟೇ ದೂರದಲ್ಲಿ ಅದರ ಮಗ್ಗುಲಿಗೆ ಅದರ ಅರ್ಧ ಇರುತ್ತದೆ, ದಿಕ್ಕೂ ತಿರುಗುಮುರುಗು. ಮೂವತ್ತು ವರ್ಷ ಇದನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಹಾಗಾಗಿ ಎರಡು ಬಿಲ್ಲೆಗಳ ನಡುವಿನ ಹಿಡಿತದಲ್ಲಿ ಎರಡು ತುಂಡು ಇವೆ. ಅವುಗಳನ್ನು ಸೇರಿಸುವ ಗೆರೆಯ ಉದ್ದಕ್ಕೆ 2 ಪಾಲು, ಅಡ್ಡಕ್ಕೆ 1 ಪಾಲು, ಚಿಹ್ನೆ ಉಲ್ಟಾ.

ಎರಡೂ ಒಂದೇ ಕಡೆ ಸುತ್ತುತ್ತಿದ್ದರೆ ಈ ಎರಡು ತುಂಡುಗಳು ಒಂದನ್ನೊಂದು ಕಳೆಯುತ್ತವೆ. 2 ರಲ್ಲಿ 1 ಹೋದರೆ ಉಳಿಯುವುದು 1. ಎದುರು ಬದುರು ಸುತ್ತುತ್ತಿದ್ದರೆ ಅಡ್ಡದ ತುಂಡಿನ ಚಿಹ್ನೆ ತಿರುಗುತ್ತದೆ, ಎರಡೂ ಕೂಡುತ್ತವೆ. 2 ಮತ್ತು 1 ಸೇರಿ 3. ಅಂದರೆ ಹಿಡಿತ ಮೂರು ಪಟ್ಟು! ಬಿಲ್ಲೆ ಒಂದಿಂಚೂ ಸರಿದಿಲ್ಲ. ಕೋರಿನ ಮುಖ ಮಾತ್ರ ಬದಲಾಗಿದೆ.

ಕೋಲಾಟ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಜೋಡಿಯಲ್ಲಿ ಒಬ್ಬರು ಬಲಕ್ಕೆ ತಿರುಗಿದರೆ ಇನ್ನೊಬ್ಬರು ಎಡಕ್ಕೆ ತಿರುಗುತ್ತಾರೆ. ಆಗಲೇ ಕೋಲಿಗೆ ಕೋಲು ಸರಿಯಾಗಿ ಬಡಿಯುವುದು.

ನೀಲಿಬೆಳಕು
ಮೇಷ್ಟ್ರೇ, ಲೆಕ್ಕ ಪೂರ್ತಿ ಸರಿ. ನಾನು ಈ ಮೂರು ಪಟ್ಟನ್ನು ಉದ್ದದ ಸಮೀಕರಣಗಳಲ್ಲಿ ಕಲಿತೆ. ಇಷ್ಟು ನೇರವಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದೇ ತಿದ್ದುಪಡಿ. ಮೂರು ಅನ್ನುವುದು ಬಿಲ್ಲೆಗಳ ನಡುವೆ ದೂರ ಜಾಸ್ತಿ ಇದ್ದಾಗ. ತೀರಾ ಹತ್ತಿರ ಬಂದರೆ ಬಿಲ್ಲೆಯನ್ನು ಸಣ್ಣ ದಂಡಕಾಂತ ಅಂತ ಎಣಿಸಲು ಬರುವುದಿಲ್ಲ. ಆಗ ಪಟ್ಟು ಸ್ವಲ್ಪ ಇಳಿಯುತ್ತದೆ. ಆದರೂ ಎದುರು ಬದುರು ಸುತ್ತುವ ಜೋಡಿಯ ಹಿಡಿತವೇ ಗಟ್ಟಿ.

ಈಗ ಜೋಡಿ ಬಿಟ್ಟು ಇಡೀ ಚೌಕ ಜೋಡಣೆ ನೋಡಿ. ಒಂದು ಅಡ್ಡಸಾಲಿನ ಕೋರುಗಳೆಲ್ಲ ಮೇಲಕ್ಕೆ, ಮುಂದಿನ ಸಾಲಿನವೆಲ್ಲ ಕೆಳಕ್ಕೆ, ಮತ್ತೆ ಮೇಲಕ್ಕೆ. ಪಟ್ಟೆ ಪಟ್ಟೆ ಜಮಖಾನದ ಹಾಗೆ. ಒಂದೇ ಸಾಲಿನೊಳಗೆ ಎಲ್ಲವೂ ಒಂದೇ ಕಡೆ ಸುತ್ತುತ್ತವೆ, ಹಿಡಿತ ಸಡಿಲ. ಸಾಲಿನಿಂದ ಸಾಲಿಗೆ ಎದುರು ಸುತ್ತು, ಹಿಡಿತ ಗಟ್ಟಿ. ಅಲೆ ಪಟ್ಟೆಯ ಗುಂಟ ತೆವಳುತ್ತದೆ, ಪಟ್ಟೆಗೆ ಅಡ್ಡಲಾಗಿ ಓಡುತ್ತದೆ. ಪಟ್ಟೆಗಳನ್ನು ಉದ್ದಕ್ಕೆ ಬರೆದರೆ ಓಡುವ ದಾರಿಯೂ ತಿರುಗುತ್ತದೆ. ಚುಕ್ಕಿ ಅವೇ, ರಂಗೋಲಿ ಬೇರೆ. ಹ್ಯಾಂಬರ್ಗಿನ ತಂಡ ಇಂಥ ಎರಡು ಆಯಾಮದ ಜೋಡಣೆಗಳ ಮೇಲೆ ತುಂಬಾ ಕೆಲಸ ಮಾಡಿದೆ. ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಾಂಗ್-ಕೂಗ್ ಕಿಮ್ ಅವರ ತಂಡ ಬಿಲ್ಲೆಗಳ ಸಾಲಿನಲ್ಲಿ ಅಲೆ ಹೇಗೆ ಹೋಗುತ್ತದೆ ಅಂತ ತೋರಿಸಿತು.

ಕೋಡ್_ಕಟ್ಟುವವ
ನಾನು ಸಾಫ್ಟ್‌ವೇರ್‌ನವನು, ಹವ್ಯಾಸಕ್ಕೆ ಓದುತ್ತೇನೆ. ಮುಖ ತಿರುಗಿಸುವುದು ಅಂತ ಸುಲಭವಾಗಿ ಹೇಳಿಬಿಟ್ಟಿರಿ. ಹತ್ತು ನ್ಯಾನೋಮೀಟರಿನ ಚುಕ್ಕೆಯನ್ನು ಒಂದೊಂದಾಗಿ ಹಿಡಿದು ತಿರುಗಿಸುವುದು ಹೇಗೆ?

ನೀಲಿಬೆಳಕು
ಸುಮ್ನೆ ಮೇಲಿಂದ ಕಾಂತ ಕ್ಷೇತ್ರ ಹಾಕಿ ತಿರುಗಿಸಬೇಕಾದರೆ ಅರ್ಧ ಟೆಸ್ಲಾ ಹತ್ತಿರ ಬೇಕು. ಎಲೆಕ್ಟ್ರಾನಿಕ್ ಚಿಪ್ ಮೇಲೆ ಅದು ಆಗದ ಕೆಲಸ. 2006ರಲ್ಲಿ ವಾನ್ ವಯೆನ್‌ಬರ್ಗೆ ಮತ್ತು ಸಂಗಡಿಗರು ಬೇರೆ ದಾರಿ ಕಂಡುಕೊಂಡರು. ಸುಳಿಯ ಸ್ವಂತ ಆವರ್ತನದಲ್ಲೇ, 250 ಮೆಗಾಹರ್ಟ್ಸ್‌ನಲ್ಲಿ, ಚುಟುಕಾಗಿ ಒಂದು ಪೆಟ್ಟು ಕೊಟ್ಟರೆ 1.5 ಮಿಲಿಟೆಸ್ಲಾ ಸಾಕು ಅಂತ ತೋರಿಸಿದರು. ಮುನ್ನೂರು ಪಟ್ಟು ಕಡಿಮೆ! ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದ ಹಾಗೆ. ಕೋರ್ ಸುತ್ತುತ್ತಾ ವೇಗ ಹೆಚ್ಚಿಸಿಕೊಳ್ಳುತ್ತದೆ. ಪರ್ಮಲಾಯ್‌ನಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 300 ಮೀಟರ್ ದಾಟಿದಾಗ ಕೋರ್ ತಟಕ್ಕನೆ ಮಗುಚುತ್ತದೆ. ಮಗುಚಿದ ಮೇಲೆ ಎದುರು ದಿಕ್ಕಿಗೆ ಸುತ್ತಲು ಶುರು.

ಒಂದೊಂದನ್ನೇ ಹಿಡಿದು ತಿರುಗಿಸಲೇಬೇಕು ಅಂತಲೂ ಇಲ್ಲ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಇಡೀ ಹರಳನ್ನು ಒಂದು ಆವರ್ತನದಲ್ಲಿ ಜೋರಾಗಿ ಅಲುಗಿಸಿ. ಎಲ್ಲ ಕೋರುಗಳೂ ಮತ್ತೆ ಮತ್ತೆ ಮಗುಚುತ್ತಿರುತ್ತವೆ. ಈಗ ಜೋರನ್ನು ನಿಧಾನವಾಗಿ ಇಳಿಸುತ್ತಾ ಬನ್ನಿ. ಆ ಆವರ್ತನದಿಂದ ಕಡಿಮೆ ಪೆಟ್ಟು ತಿನ್ನುವ ಜೋಡಣೆ ಸಿಕ್ಕಿದಾಗ ಕೋರುಗಳು ಮಗುಚುವುದನ್ನು ನಿಲ್ಲಿಸಿ ಅಲ್ಲೇ ನೆಲೆ ನಿಲ್ಲುತ್ತವೆ. ಆವರ್ತನ ಬದಲಿಸಿ ಮತ್ತೆ ಮಾಡಿದರೆ ಬೇರೆ ಜೋಡಣೆ. ಅಲೆಯ ದಾರಿಯನ್ನು ಅಲೆಯೇ ಬರೆದ ಹಾಗೆ. ಇದನ್ನು ಹ್ಯಾಂಬರ್ಗಿನವರು 2013ರಲ್ಲಿ ತೋರಿಸಿದರು.

ಅಲೆಮಾರಿ
ನಾನು ಮೊಬೈಲ್ ರೇಡಿಯೋ ಫಿಲ್ಟರ್ ವಿನ್ಯಾಸದಲ್ಲಿ, ಅಂದರೆ ಬೇಕಾದ ಆವರ್ತನವನ್ನು ಮಾತ್ರ ಸೋಸಿ ಬಿಡುವ ಬಿಡಿಭಾಗದ ಕೆಲಸದಲ್ಲಿ, ಹದಿನೈದು ವರ್ಷ ಇದ್ದೇನೆ. ಓದಲು ಚೆನ್ನಾಗಿದೆ, ಆದರೆ ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಫೋನಿನೊಳಗೆ ಹರಳಿನ ಮೈಮೇಲೆ ಶಬ್ದದ ಅಲೆ ಓಡಿಸುವ ಫಿಲ್ಟರ್‌ಗಳು ಆಗಲೇ ಇವೆ. ನಷ್ಟ ಕಡಿಮೆ, ಬೆಲೆ ಕಡಿಮೆ. ನಿಮ್ಮ ಸುಳಿ ಎಷ್ಟು ಸುತ್ತು ಸುತ್ತಿ ಆರುತ್ತದೆ? ಎಷ್ಟು ಬಿಲ್ಲೆ ದಾಟುತ್ತದೆ? ಈ ಎರಡು ಅಂಕಿ ಹೇಳದೆ ದಾರಿ ಬದಲಿಸುವ ಮಾತು ಆಡಿದರೆ ನಮ್ಮಂಥವರಿಗೆ ಒಪ್ಪಿಗೆಯಾಗುವುದಿಲ್ಲ.

ನೀಲಿಬೆಳಕು
ಬೇಸರ ಏಕೆ ಸರ್, ಕೇಳಬೇಕಾದ ಪ್ರಶ್ನೆಯೇ ಅದು. ಪರ್ಮಲಾಯ್‌ನಲ್ಲಿ ತಳ್ಳುವುದನ್ನು ನಿಲ್ಲಿಸಿದರೆ ಬೆರಳೆಣಿಕೆಯ ಸುತ್ತುಗಳಲ್ಲೇ ಆಟ ತಣ್ಣಗಾಗುತ್ತದೆ, ಕೆಲವು ಹತ್ತು ನ್ಯಾನೋಸೆಕೆಂಡ್ ಅಷ್ಟೇ. ಅಷ್ಟರೊಳಗೆ ಅಲೆ ಕೆಲವೇ ಬಿಲ್ಲೆ ದಾಟುತ್ತದೆ. ಫಿಲ್ಟರ್ ಜಾಗಕ್ಕೆ ಇದನ್ನು ತಂದು ಕೂರಿಸಬೇಕು ಅಂತ ನಾನು ಹೇಳುವುದಿಲ್ಲ. ಆರದೆ ಇರುವ ವಿಷಯದಲ್ಲಿ ಯಿಟ್ರಿಯಂ ಕಬ್ಬಿಣದ ಗಾರ್ನೆಟ್ ಎಂಬ ಕಾಂತ ಹರಳು ಎಷ್ಟೋ ಮೇಲು. ಆದರೆ ಅದನ್ನು ಒಳ್ಳೆಯ ಗುಣದಲ್ಲಿ ಬೆಳೆಸಲು ಅದಕ್ಕೆ ಹೊಂದುವ ಬೇರೆ ಗಾರ್ನೆಟ್ ಹರಳೇ ಅಡಿಯಲ್ಲಿ ಬೇಕು, ಬಿಸಿಯೂ ಜಾಸ್ತಿ ಬೇಕು. ಸಿಲಿಕಾನ್ ಮೇಲೆ ಸುಲಭವಲ್ಲ.

ಹಿಡಿತ ಮೂರು ಪಟ್ಟು ಆಗುವುದಕ್ಕೆ ಬೆಲೆ ಬರುವುದೂ ಇಲ್ಲೇ. ಆರುವುದರೊಳಗೆ ದಾಟಬೇಕು. ಹಿಡಿತ ಗಟ್ಟಿಯಾದರೆ ಅಷ್ಟೇ ಹೊತ್ತಿನಲ್ಲಿ ಜಾಸ್ತಿ ದೂರ.

ಅಲೆಮಾರಿ
ಅಂಕಿ ಮುಚ್ಚಿಡದೆ ಹೇಳಿದ್ದಕ್ಕೆ ಧನ್ಯವಾದ. ಇನ್ನೊಂದು. ನಮ್ಮಲ್ಲಿ ಒಂದೇ ವೇಫರಿನಲ್ಲೂ, ಅಂದರೆ ಚಿಪ್‌ಗಳನ್ನು ಮಾಡುವ ಒಂದೇ ತಟ್ಟೆಯಲ್ಲೂ, ಅಳತೆ ಏರುಪೇರಾಗುತ್ತದೆ. ಬಿಲ್ಲೆಗಳು ಒಂದೇ ಥರ ಇಲ್ಲದಿದ್ದರೆ ಏನು ಗತಿ?

ಹಾಸನದ_ಮೇಷ್ಟ್ರು
ಇದಕ್ಕೆ ಮನೆಯಲ್ಲೇ ಮಾಡಿ ನೋಡಬಹುದಾದ ಪ್ರಯೋಗ ಇದೆ. ಬಟ್ಟೆ ಒಣಗಿಸುವ ಹಗ್ಗಕ್ಕೆ ಎರಡು ನೀರಿನ ಬಾಟಲಿಗಳನ್ನು ಒಂದೇ ಉದ್ದದ ದಾರದಲ್ಲಿ ಕಟ್ಟಿ. ಒಂದನ್ನು ತೂಗಿ ಬಿಡಿ. ಸ್ವಲ್ಪ ಹೊತ್ತಿನಲ್ಲಿ ಅದು ನಿಂತುಬಿಡುತ್ತದೆ, ಇನ್ನೊಂದು ತೂಗುತ್ತಿರುತ್ತದೆ. ಆಮೇಲೆ ವಾಪಸ್. ಈಗ ಒಂದರ ದಾರವನ್ನು ಒಂದು ಗೇಣು ಗಿಡ್ಡ ಮಾಡಿ. ಎರಡನೆಯದು ಅರೆಬರೆ ಅಲ್ಲಾಡುತ್ತದೆ ಅಷ್ಟೇ, ಪೂರ್ತಿ ದಾಟುವುದೇ ಇಲ್ಲ. ಹಗ್ಗ ಸಡಿಲ ಬಿಟ್ಟು ಹಿಡಿತ ಹೆಚ್ಚಿಸಿದರೆ ಅಲ್ಪಸ್ವಲ್ಪ ವ್ಯತ್ಯಾಸವನ್ನು ಅದು ತಾಳಿಕೊಳ್ಳುತ್ತದೆ.

ನೀಲಿಬೆಳಕು
ಅದೇ. ಬಿಲ್ಲೆಗಳ ಆವರ್ತನದ ಏರುಪೇರು ಹಿಡಿತಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಅಲೆ ನಿಂತಲ್ಲೇ ನಿಲ್ಲುತ್ತದೆ.

ಅಲೆಮಾರಿಯವರು ಕೇಳಿದ್ದಕ್ಕೆ ನನ್ನದೇ ಒಂದು ಅನುಭವ ಹೇಳುತ್ತೇನೆ. ಬಿಲ್ಲೆ ಮಾಡುವ ವಿಧಾನ ಹೀಗಿದೆ. ಸುಳಿಗಳನ್ನು ನಾವು ನೋಡುವುದು ಎಕ್ಸ್-ಕಿರಣದಲ್ಲಿ. ಅದು ಹಾದುಹೋಗಬೇಕಲ್ಲ, ಅದಕ್ಕೆ ಸಿಲಿಕಾನ್ ನೈಟ್ರೈಡಿನ ತೆಳು ಪೊರೆಯ ಮೇಲೆ ಕೆಲಸ. ಊದಿದರೆ ಒಡೆಯುವಷ್ಟು ತೆಳು. ಅದರ ಮೇಲೆ ಪಾಲಿಮರ್ ಹಚ್ಚಿ, ಎಲೆಕ್ಟ್ರಾನ್ ಕಿರಣದಿಂದ ದುಂಡು ಗುಂಡಿಗಳನ್ನು ಬರೆದು, ಮೇಲೆ ಲೋಹ ಕೂರಿಸುತ್ತೇವೆ. ಆಮೇಲೆ ಇಡೀ ರಾತ್ರಿ ಅಸಿಟೋನ್‌ನಲ್ಲಿ ನೆನೆಹಾಕುತ್ತೇವೆ. ಬೆಳಿಗ್ಗೆ ಬೇಡದ ಲೋಹವೆಲ್ಲ ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದು ಬರುತ್ತದೆ. ಗುಂಡಿಯೊಳಗಿನ ಬಿಲ್ಲೆಗಳು ಮಾತ್ರ ಉಳಿಯುತ್ತವೆ.

ಒಂದು ಸಲ ಕೆನೆ ಬೇಗ ಏಳಲಿ ಅಂತ ನಾನು ಚಿಮ್ಮುಗೊಳವೆಯಲ್ಲಿ ಅಸಿಟೋನನ್ನು ಸ್ವಲ್ಪ ಜೋರಾಗಿ ಚಿಮ್ಮಿಸಿದೆ. ನಾಲ್ಕನೇ ಸಾಲಿನ ಒಂದು ಬಿಲ್ಲೆ ಕಿತ್ತುಹೋಯಿತು. ಗೊತ್ತಾಗಿದ್ದು ಮೂರು ವಾರದ ಮೇಲೆ, ಬರ್ಲಿನ್ನಿನ ಬೆಸ್ಸಿ ಎರಡು ಎಂಬ ಎಕ್ಸ್-ಕಿರಣ ಕೇಂದ್ರದಲ್ಲಿ, ನಡುರಾತ್ರಿ. ಅಲ್ಲಿ ಮ್ಯಾಕ್ಸಿಮಸ್ ಎಂಬ ಎಕ್ಸ್-ಕಿರಣ ಸೂಕ್ಷ್ಮದರ್ಶಕ ಇದೆ. 240 ಮೀಟರ್ ಸುತ್ತಳತೆಯ ಉಂಗುರದಲ್ಲಿ ಎಲೆಕ್ಟ್ರಾನ್ ಗೊಂಚಲುಗಳು ಓಡುತ್ತವೆ. ಪ್ರತಿ 2 ನ್ಯಾನೋಸೆಕೆಂಡಿಗೆ ಒಂದು ಬೆಳಕಿನ ಮಿಂಚು. ನಿಕ್ಕಲ್ ಹೀರುವ ಬೆಳಕನ್ನು ಆರಿಸಿಕೊಂಡರೆ ಕಾಂತದ ಮುಖ ಕಪ್ಪು ಬಿಳುಪಾಗಿ ಕಾಣುತ್ತದೆ. ಸಿನಿಮಾ ರೀಲಿನ ಹಾಗೆ ಚಿತ್ರಗಳನ್ನು ಜೋಡಿಸಿದಾಗ ಕೋರುಗಳು ಸುತ್ತುವುದು ಕಂಡಿತು. ಅಲೆ ಸಾಲುಸಾಲಾಗಿ ಬಂದು, ಆ ಖಾಲಿ ಜಾಗದ ಹಿಂದಿನ ಬಿಲ್ಲೆಯಲ್ಲಿ ಪೂರ್ತಿ ಮಂಕಾಗಿ, ಎರಡು ಮಗ್ಗುಲಿನಿಂದ ಬಳಸಿಕೊಂಡು ಮುಂದೆ ಹೋಗುತ್ತಿತ್ತು. ಹೊಳೆಯಲ್ಲಿ ಬಂಡೆ ಸುತ್ತ ನೀರು ಹೋಗುತ್ತದಲ್ಲ, ಹಾಗೆ. ಅಳತೆ ಹಾಳಾಯಿತು ಅಂತ ಅಳು ಬಂತು. ಪಕ್ಕದಲ್ಲಿದ್ದ ಹಿರಿಯರು ಮಾತ್ರ ಆ ಚಿತ್ರವನ್ನು ಮತ್ತೆ ಮತ್ತೆ ಓಡಿಸಿ ನೋಡಿದರು. ಆ ಖಾಲಿ ಜಾಗವೇ ಕೊನೆಗೆ ನನ್ನ ಪ್ರಬಂಧದಲ್ಲಿ ಒಂದು ಅಧ್ಯಾಯವಾಯಿತು.

ಕೋಡ್_ಕಟ್ಟುವವ
ಇದನ್ನು ಓದಿ ರಾತ್ರಿ ನಿದ್ದೆ ಬಿಟ್ಟು ಮ್ಯೂಮ್ಯಾಕ್ಸ್ 3 ಹಾಕಿಕೊಂಡೆ. ಇಂಥ ಪುಟ್ಟ ಕಾಂತಗಳ ಆಟವನ್ನು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ತೋರಿಸುವ ತಂತ್ರಾಂಶ ಅದು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು ಬರೆದದ್ದು, ಉಚಿತ. ಎನ್‌ವಿಡಿಯಾ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪ್ ಸಾಕು. ಧಾರವಾಡದ ಹುಡುಗ, ನೀವೂ ಮಾಡಿ. 400 ನ್ಯಾನೋಮೀಟರ್ ಅಗಲ, 20 ದಪ್ಪದ ಎರಡು ಬಿಲ್ಲೆ. ಲೆಕ್ಕಕ್ಕೆ ಬಿಲ್ಲೆಯನ್ನು ಪುಟ್ಟ ಚೌಕಗಳಾಗಿ ಕತ್ತರಿಸುತ್ತದೆ, ಆ ಚೌಕ 5 ನ್ಯಾನೋಮೀಟರ್ ಮೀರಬಾರದು.

ನಾನು ಎರಡು ಗಂಟೆ ಒದ್ದಾಡಿದ ಜಾಗ ಒಂದಿದೆ, ನಿಮಗೆ ಆ ಕಷ್ಟ ಬೇಡ. ಸುಳಿ ಹಾಕು ಅಂತ ಹೇಳಿದರೆ ಅದು ಇಡೀ ಪಟದ ನಡುವಿನಲ್ಲಿ ಕೂರುತ್ತದೆ, ಅಂದರೆ ಎರಡು ಬಿಲ್ಲೆಗಳ ನಡುವಿನ ಖಾಲಿ ಜಾಗದಲ್ಲಿ. ಬಿಲ್ಲೆಗಳೊಳಗೆ ಸುಳಿಯೇ ಇರುವುದಿಲ್ಲ! ಪ್ರತಿ ಸುಳಿಯನ್ನೂ ಅದರದರ ಬಿಲ್ಲೆಯ ನಡುವಿಗೆ ಸರಿಸಿ ಇಡಬೇಕು. ಆಮೇಲೆ ಎಡಗಡೆಯ ಬಿಲ್ಲೆಗೆ ಮಾತ್ರ ಒಂದು ಪೆಟ್ಟು.

ಧಾರವಾಡ_ಹುಡುಗ
ಗೆಳೆಯನ ಲ್ಯಾಪ್‌ಟಾಪ್ ತಂದು ಮಾಡಿದೆ! ಅಲ್ಲಾಟ ಎಷ್ಟು ಬೇಗ ಆರಬೇಕು ಅಂತ ಹೇಳುವ ಆರುವಿಕೆಯ ಅಂಕಿಯನ್ನು 0.01 ಇಟ್ಟಾಗ ದಾಟುವುದರೊಳಗೆ ಸಣ್ಣಗಾಗುತ್ತಿತ್ತು. ನೋಡುವುದಕ್ಕೆ ಅನುಕೂಲವಾಗಲಿ ಅಂತ 0.001ಕ್ಕೆ ಇಳಿಸಿದೆ. ಎಡದ ಸುಳಿ ಸುತ್ತಿ ಸುತ್ತಿ ನಿಂತಿತು, ಬಲದ್ದು ಶುರುವಾಯಿತು. ಮೇಷ್ಟ್ರ ಬಾಟಲಿಗಳೇ! ಆಮೇಲೆ ಬಲದ ಕೋರಿನ ಮುಖ ತಿರುಗಿಸಿ ಮತ್ತೆ ಓಡಿಸಿದೆ. ಬೇಗ ದಾಟಿತು, ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಚುರುಕು. ಸರಿಯಾಗಿ ಮೂರು ಬರಲಿಲ್ಲ.

ನೀಲಿಬೆಳಕು
ಬಿಲ್ಲೆಗಳು ಹತ್ತಿರ ಇವೆಯಲ್ಲ, ಅದಕ್ಕೇ. ನಡುವಿನ ಜಾಗವನ್ನು ಹೆಚ್ಚಿಸುತ್ತಾ ಹೋಗು, ಪಟ್ಟು ಮೂರರ ಕಡೆಗೆ ಏರುವುದು ಕಾಣುತ್ತದೆ. ಆ ಒಂದು ನಕ್ಷೆ ಇದ್ದರೆ ಸೆಮಿನಾರಿಗೆ ಸಾಕು. ಆದರೆ ಆರುವಿಕೆಯನ್ನು ಇಳಿಸಿದ್ದೇನೆ ಅಂತ ಮೊದಲೇ ಹೇಳಿಬಿಡು, ಮುಚ್ಚಬೇಡ.

ಅಲೆಮಾರಿ
ಫಿಲ್ಟರ್ ಅಲ್ಲ ಅಂದಮೇಲೆ ಇದರ ಜಾಗ ಎಲ್ಲಿ ಅಂತ ಯೋಚಿಸುತ್ತಿದ್ದೆ. ಒಂದೇ ಚಿಪ್ ಮೇಲೆ ದಾರಿಯನ್ನು ಅಳಿಸಿ ಬರೆಯಬಹುದು, ವಿದ್ಯುತ್ ಹೋದರೂ ಬರೆದದ್ದು ಉಳಿಯುತ್ತದೆ. ಇದು ನಮ್ಮ ಫಿಲ್ಟರ್‌ಗಳಿಂದ ಆಗದು. ಇಷ್ಟನ್ನು ನಾನು ಒಪ್ಪುತ್ತೇನೆ.

ನೀಲಿಬೆಳಕು
ಕೋಲ್ಕತ್ತದ ಎಸ್.ಎನ್. ಬೋಸ್ ಕೇಂದ್ರದ ಅಂಜನ್ ಬರ್ಮನ್ ಅವರ ತಂಡ 2014ರಲ್ಲಿ ಸುಳಿಗಳ ಸಾಲನ್ನೇ ಟ್ರಾನ್ಸಿಸ್ಟರ್ ಹಾಗೆ ಬಳಸುವ ಯೋಚನೆ ಮುಂದಿಟ್ಟಿತು. ಅದೂ ಕೋರಿನ ಮುಖದ ಆಟವೇ. ಫ್ರಾನ್ಸಿನಲ್ಲಿ ಜೂಲಿ ಗ್ರೋಲಿಯೆ ಅವರ ತಂಡ ಬೇರೆ ಕಡೆ ಹೋಯಿತು. 2017ರಲ್ಲಿ ಸುಳಿ ಇರುವ ಒಂದು ನ್ಯಾನೋ ಆಂದೋಲಕದಿಂದ ಬಾಯಲ್ಲಿ ಹೇಳಿದ ಅಂಕಿಗಳನ್ನು ಗುರುತಿಸಿದರು. 2018ರಲ್ಲಿ ಅಂಥ ನಾಲ್ಕನ್ನು ಒಟ್ಟಿಗೆ ಕೂರಿಸಿ ಬಾಯಲ್ಲಿ ಹೇಳಿದ ಸ್ವರಾಕ್ಷರಗಳನ್ನು ಗುರುತಿಸಿದರು. ಅಲ್ಲಿ ಅಲೆ ದೂರ ಹೋಗಬೇಕಿಲ್ಲ, ಬೇಗ ಆರುವುದೂ ಉಪಯೋಗಕ್ಕೇ ಬರುತ್ತದೆ. ಹಳೆಯ ಶಬ್ದ ಮರೆತರೆ ತಾನೇ ಹೊಸ ಶಬ್ದ ಕೇಳಿಸುವುದು? ನನ್ನ ಆಸೆ ಎಲ್ಲ ಈ ಕಡೆಗಿದೆ.

ಹಾಸನದ_ಮೇಷ್ಟ್ರು
ಇವತ್ತು ಬೆಳಿಗ್ಗೆ ಮೊಮ್ಮಗಳಿಗೆ ಬಾಟಲಿ ಪ್ರಯೋಗ ಮಾಡಿ ತೋರಿಸಿದೆ. ಬಾಟಲಿಗಳನ್ನು ನೇರವಾಗಿ ತೂಗದೆ ದುಂಡಗೆ ಸುತ್ತಿಸಿದರೆ ಏನಾಗುತ್ತದೆ ತಾತ ಅಂತ ಕೇಳಿದಳು. ಮಾಡಿದೆವು. ಹಗ್ಗದ ಉದ್ದಕ್ಕೆ ಒಂದು ಥರ ದಾಟುತ್ತದೆ, ಅಡ್ಡಕ್ಕೆ ಇನ್ನೊಂದು ಥರ. ಸುತ್ತು ಹೋಗಿ ಮೊಟ್ಟೆಯಾಕಾರ ಆಗುತ್ತದೆ. ಸುಳಿಗಳಲ್ಲೂ ಹೀಗೆ ಆಗುತ್ತದೆಯೇ ಮೇಡಂ?

ನೀಲಿಬೆಳಕು
ಸ್ವಲ್ಪ ಆಗುತ್ತದೆ ಸರ್. ಪಕ್ಕದಲ್ಲಿ ಜೊತೆ ಇದ್ದಾಗ ಕೋರಿನ ದಾರಿ ದುಂಡಗಿರದೆ ಕೊಂಚ ಮೊಟ್ಟೆಯಾಕಾರಕ್ಕೆ ಬರುತ್ತದೆ. ಉದ್ದದ ಹಿಡಿತ 2, ಅಡ್ಡದ್ದು 1, ಎರಡೂ ಸಮ ಇಲ್ಲವಲ್ಲ. ಮೊಮ್ಮಗಳಿಗೆ ನನ್ನ ಕಡೆಯಿಂದ ಶಾಭಾಷ್ ಹೇಳಿ.

ಧಾರವಾಡ_ಹುಡುಗ
ಮೇಷ್ಟ್ರೇ, ಗುರುವಾರ ಎರಡು ಬಾಟಲಿ ಮತ್ತು ಹಗ್ಗ ನಾನೂ ತೆಗೆದುಕೊಂಡು ಹೋಗುತ್ತಿದ್ದೇನೆ. ಜಾಗ ಹೆಚ್ಚಿಸುವ ಲೆಕ್ಕ ಈಗ ಓಡುತ್ತಿದೆ. 100 ನ್ಯಾನೋಮೀಟರ್ ಮುಗಿಯಿತು, 200 ಅರ್ಧ ಆಗಿದೆ. ನಕ್ಷೆ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.